ಟೋಬೀಯನ ಸಾಮಾನು ಯಾರ ಜಾಗದಲ್ಲಿದೆ?

(ಮೇ ತಿಂಗಳ ಕೊನೆಯ ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ)

  

ಇವತ್ತು ಕೆಲವರ ಮುಖ ನೋಡಿದ್ರೇ ಗೊತ್ತಾಗುತ್ತೆ, ಯಾರ ಮನೇಲಿ ಸ್ಕೂಲಿಗೆ ಹೋಗೋ ಮಕ್ಕಳಿದ್ದಾರೆ ಅಂತ. ರಜೆ ಮುಗೀತು. ನೆನ್ನೆ ಸಂಜೆ ಸ್ಟೇಷನರಿ ಅಂಗಡಿ ಮುಂದೆ ನಾನೂ ಕ್ಯೂನಲ್ಲಿ ನಿಂತಿದ್ದೆ. ಬ್ರೌನ್ ಪೇಪರ್ ರೋಲ್, ಲೇಬಲ್ಲು, ಜ್ಯಾಮಿಟ್ರಿ ಬಾಕ್ಸು. ಹೋದ ವರ್ಷದ ಶೂ ಈ ವರ್ಷ ಕಾಲಿಗೆ ಹಿಡಿಯಲ್ಲ. ಲಂಚ್ ಡಬ್ಬಿ ಇದೆ, ಮುಚ್ಚಳ ಇಲ್ಲ. ಮುಚ್ಚಳ ಇದೆ, ಅದರ ಡಬ್ಬಿ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಅಲ್ವಾ?

ಮದುವೆ ಆಗದಿರೋ ತಮ್ಮಂದಿರು, ತಂಗಿಯರು "ಇದು ನಮಗಲ್ಲ" ಅಂತ ಫೋನ್ ತೆಗೀಬೇಡಿ. ಇವತ್ತಿನ ಸಂದೇಶ ನಿಮ್ಮ ಪಿಜಿ ರೂಮಿಗೂ ಬರುತ್ತೆ, ಸ್ವಲ್ಪ ತಾಳಿ.

ನನ್ನ ಪ್ರಶ್ನೆ ಇಷ್ಟೇ. ಮನೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳೋದು ಬರೀ ಅಭ್ಯಾಸದ ವಿಷಯಾನಾ, ಅಥವಾ ಅದರಲ್ಲಿ ನ್ಯಾಯ-ಅನ್ಯಾಯ ಇದೆಯಾ? ಕೆಲವರು ಹೇಳ್ತಾರೆ, "ಪಾಸ್ಟರ್, ದೇವರು ನೋಡೋದು ಹೃದಯಾನ, ಕಪಾಟನ್ನಲ್ಲ." ಇನ್ನು ಕೆಲವರು ಇನ್‌ಸ್ಟಾಗ್ರಾಮ್‌ನಲ್ಲಿ ಒಂದೇ ಸೈಜಿನ ಗಾಜಿನ ಡಬ್ಬಿಗಳ ಸಾಲು ನೋಡಿ, ತಮ್ಮ ಅಡುಗೆಮನೆ ನೋಡಿ, ತಾವು ಸೋತ ತಾಯಂದಿರು ಅಂತ ಅಂದ್ಕೋತಾರೆ. ಇಬ್ಬರಿಗೂ ಹೇಳಬೇಕಾದ ಒಂದು ಮಾತು ನೆಹೆಮೀಯನ ಪುಸ್ತಕದಲ್ಲಿದೆ.

ಒಂದು ಕೋಣೆಯ ಕಥೆ

ನೆಹೆಮೀಯ 13ನೇ ಅಧ್ಯಾಯ. ಮನೆಗೆ ಹೋಗಿ ಪೂರ್ತಿ ಓದಿ, ನಾನು ಕಥೆ ಮಾತ್ರ ಹೇಳ್ತೀನಿ. ಯೆರೂಸಲೇಮಿನ ಗೋಡೆ ಕಟ್ಟಿ ಮುಗಿದಿದೆ. ನೆಹೆಮೀಯ ಅರ್ತಷಸ್ತ ರಾಜನ ಹತ್ತಿರ ವಾಪಸ್ ಹೋಗಿದ್ದಾನೆ. ಆ ಸಮಯದಲ್ಲಿ ಯಾಜಕನಾದ ಎಲ್ಯಾಷೀಬ ದೇವಾಲಯದ ಒಂದು ದೊಡ್ಡ ಕೋಣೆಯನ್ನು ಟೋಬೀಯನಿಗೆ ಬಿಟ್ಟುಕೊಟ್ಟ. ಯಾರು ಈ ಟೋಬೀಯ? ಗೋಡೆ ಕಟ್ಟುವಾಗ ಗೇಲಿ ಮಾಡಿದ್ನಲ್ಲ, ಅವನೇ. ಎಲ್ಯಾಷೀಬನಿಗೆ ಅವನ ಜೊತೆ ನಂಟು ಇತ್ತು.

ಆ ಕೋಣೆಯಲ್ಲಿ ಮೊದಲು ಏನಿತ್ತು? ಧಾನ್ಯ, ದ್ರಾಕ್ಷಾರಸ, ಎಣ್ಣೆ. ಲೇವಿಯರಿಗೆ, ಗಾಯಕರಿಗೆ, ಬಾಗಿಲು ಕಾಯೋರಿಗೆ ಸಲ್ಲಬೇಕಾದ ದಶಮಾಂಶ. ಅಂದ್ರೆ ಅದು ಸ್ಟೋರ್ ರೂಮ್ ಮಾತ್ರ ಅಲ್ಲ, ಕೆಲಸ ಮಾಡೋರ ಪಾಲು ಇಡೋ ಜಾಗ.

ನೆಹೆಮೀಯ ವಾಪಸ್ ಬಂದ, ನೋಡಿದ, ಬೇಜಾರಾಯ್ತು. ಟೋಬೀಯನ ಸಾಮಾನನ್ನೆಲ್ಲಾ ಹೊರಗೆ ಎಸೆದ. ಕೋಣೆಗಳನ್ನು ಶುದ್ಧಿ ಮಾಡಿಸಿದ. ನಾವು ಇಲ್ಲಿಗೆ ನಿಲ್ಲಿಸಿ "ಹಲ್ಲೆಲೂಯ" ಅಂತೀವಿ. ಆದ್ರೆ ಮುಂದಿನ ವಚನದಲ್ಲಿ ಇನ್ನೊಂದು ವಿಷಯ ಅವನ ಗಮನಕ್ಕೆ ಬರುತ್ತೆ. ಲೇವಿಯರಿಗೆ ಅವರ ಪಾಲು ಸಿಕ್ಕಿರಲಿಲ್ಲ. ಅವರೂ ಗಾಯಕರೂ ಸೇವೆ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೊರಟು ಹೋಗಿದ್ರು.

ಇದರಿಂದಲೇ ಅದಾಯ್ತು ಅಂತ ಅಲ್ಲಿ ನೇರವಾಗಿ ಬರೆದಿಲ್ಲ. ಆದ್ರೆ ಎರಡೂ ಅಕ್ಕಪಕ್ಕದಲ್ಲಿವೆ. ಒಬ್ಬನ ಸಾಮಾನು ತುಂಬಿದ್ದ ಕೋಣೆ, ಉಳಿದವರ ಪಾಲು ಇರಬೇಕಾಗಿದ್ದ ಕೋಣೆ, ಎರಡೂ ಒಂದೇ.

ಇದೇ ಇವತ್ತಿನ ಮಾತು. ಒಂದು ಜಾಗ ಒಬ್ಬರ ಸಾಮಾನಿನಿಂದ ತುಂಬಿದಾಗ, ಇನ್ಯಾರದ್ದೋ ಪಾಲು ಸದ್ದಿಲ್ಲದೆ ಹೋಗುತ್ತೆ. ಪಕ್ಕದವರಿಗೆ ಹೇಳಿ: "ಯಾರದ್ದೋ ಪಾಲು ಹೋಗುತ್ತೆ."

ಟೋಬೀಯ ಯಾರು ಅಂತ ಗೊತ್ತಾದ ದಿನ

ಈ ಅಧ್ಯಾಯದ ಮೇಲೆ ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೀನಿ. ಟೋಬೀಯ ಅಂದ್ರೆ ಸೈತಾನ, ಟೋಬೀಯ ಅಂದ್ರೆ ಲೋಕ, ಅವನನ್ನು ಓಡಿಸಿ! ಎಲ್ಲರೂ ಆಮೆನ್ ಅಂದಿದ್ದೀರಿ. ಹೋದ ವರ್ಷ ಮೇ ತಿಂಗಳಲ್ಲಿ ಒಂದು ಶನಿವಾರ ನನಗೆ ಗೊತ್ತಾಯ್ತು, ನಮ್ಮ ಮನೇಲಿ ಟೋಬೀಯ ನಾನೇ.

ನಮ್ಮದು ಎರಡು ಬೆಡ್‌ರೂಮಿನ ಬಾಡಿಗೆ ಮನೆ. ನಿಮ್ಮಲ್ಲಿ ತುಂಬಾ ಜನ ಬಂದು ಊಟ ಮಾಡಿದ್ದೀರಿ. ಹಾಲ್‌ನಲ್ಲಿ ಒಂದೇ ಟೇಬಲ್. 2020ರಲ್ಲಿ ಲಾಕ್‌ಡೌನ್ ಬಂದಾಗ ಆನ್‌ಲೈನ್ ಆರಾಧನೆಗೋಸ್ಕರ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಆಮೇಲೆ ಮೈಕ್, ರಿಂಗ್ ಲೈಟ್, ವಯರುಗಳು, ಪುಸ್ತಕಗಳು. ಸಭೆ ಮತ್ತೆ ಹಾಲ್‌ನಲ್ಲಿ ಸೇರಿತು, ಟೇಬಲ್ ಮಾತ್ರ ಹಾಗೇ ಉಳಿದುಬಿಡ್ತು. ಯಾರೂ ಕೇಳಲಿಲ್ಲ. ಯಾಕೆ ಕೇಳ್ತಾರೆ? ಅದು ದೇವರ ಸೇವೆಯ ಸಾಮಾನು! ಎಲ್ಯಾಷೀಬನೂ ಏನೋ ಒಂದು ಒಳ್ಳೆ ಕಾರಣ ಹೇಳಿರಬೇಕು.

ಆ ಶನಿವಾರ ಮಗಳ ಹಳೇ ಬ್ಯಾಗ್ ಖಾಲಿ ಮಾಡೋಕೆ ಕೂತೆ. ಐದನೇ ಕ್ಲಾಸ್ ಮುಗಿಸಿದ್ಲು. ಬ್ಯಾಗ್ ಎತ್ತಿದೆ, ಕೈ ಜಗ್ಗಿತು. ಪಕ್ಕದ ಮನೆಯ ಬ್ರದರ್ ದುಬೈಗೆ ಹೋಗುವಾಗ ಲಗೇಜ್ ತೂಗೋಕೆ ಅಂತ ಒಂದು ಸಣ್ಣ ತಕ್ಕಡಿ ತಗೊಂಡಿದ್ರು, ಅದರಲ್ಲಿ ನೇತು ಹಾಕಿ ನೋಡಿದೆ. ಐದೂವರೆ ಕೆ.ಜಿ. 2019ರಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಹೊರಡಿಸಿದ ಆದೇಶದಲ್ಲಿ ಮೂರರಿಂದ ಐದನೇ ತರಗತಿಗೆ ಬ್ಯಾಗಿನ ತೂಕ 2ರಿಂದ 3 ಕೆ.ಜಿ. ಅಂತ ಇದೆ. ನನಗೆ ಶಾಲೆಯ ಮೇಲೆ ಸಿಟ್ಟು ಬಂತು. ಫೋನ್ ಮಾಡಿ ಕೇಳೋಣ ಅಂತ ಎದ್ದೆ.

ಮಗಳು ಹೇಳಿದ್ಲು, "ಅಪ್ಪಾ, ಟೈಮ್‌ಟೇಬಲ್ ಪ್ರಕಾರ ತಗೊಂಡು ಹೋದ್ರೆ ಸಾಕು ಅಂತ ಮಿಸ್ ಹೇಳ್ತಾರೆ. ಉಳಿದಿದ್ದು ಮನೇಲಿ ಎಲ್ಲಿಡಲಿ? ಅದಕ್ಕೇ ಎಲ್ಲಾ ಬ್ಯಾಗ್‌ನಲ್ಲೇ ಇಟ್ಕೊಂಡಿರ್ತೀನಿ."

ಪ್ರಿಯರೇ, ನಾನು ಫೋನ್ ಕೆಳಗಿಟ್ಟೆ. ಮನೆಯಲ್ಲಿ ಜಾಗ ಸಿಗದ ಪುಸ್ತಕ ಎಲ್ಲಿಗೆ ಹೋಗುತ್ತೆ? ಮಗುವಿನ ಬೆನ್ನ ಮೇಲೆ ಹೋಗುತ್ತೆ. ಓದೋಕೆ ಟೇಬಲ್ ಇಲ್ಲದ ಮಗು ಮಂಚದ ಮೇಲೆ ಬಗ್ಗಿ ಬರೀತಿತ್ತು, ನಾನು ಅದೇ ಹಾಲ್‌ನಲ್ಲಿ ಕೂತು "ಮಕ್ಕಳು ಕರ್ತನ ಸ್ವಾಸ್ತ್ಯ" ಅಂತ ರೆಕಾರ್ಡ್ ಮಾಡ್ತಿದ್ದೆ.

ಅವತ್ತೇ ಟೇಬಲ್ ಖಾಲಿ ಮಾಡಿದೆ. ಒರೆಸಿದೆ. ಮಗಳನ್ನು ಕರೆದು, "ಇದು ಇನ್ಮೇಲೆ ನಿಂದು" ಅಂದೆ. ಕುಣೀತಾಳೆ ಅಂದ್ಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು: "ಎಷ್ಟು ದಿನಕ್ಕೆ, ಅಪ್ಪಾ?"

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮಗುವಿನ ಪಾಲು

ಯಾರಾದ್ರೂ ಕೇಳಬಹುದು, "ಪಾಸ್ಟರ್, ನಾನು ವರ್ಕ್ ಫ್ರಮ್ ಹೋಮ್. ಆ ಟೇಬಲ್ಲಿಂದಾನೇ ಮಗುವಿನ ಫೀಸ್ ಬರೋದು. ನನಗೆ ಜಾಗ ಬೇಡ್ವಾ?" ಬೇಕು. ಅದು ನ್ಯಾಯವಾದ ಮಾತು. ದುಡಿಯೋರ ಅಗತ್ಯವೂ ಪಾಲೇ. ನನ್ನ ತಪ್ಪು ಟೇಬಲ್ ಬಳಸಿದ್ದರಲ್ಲಿ ಇರಲಿಲ್ಲ. ಐದು ವರ್ಷ ಯಾರನ್ನೂ ಕೇಳದೇ ಬಳಸಿದ್ದರಲ್ಲಿತ್ತು.

ಹಂಚೋಕೆ ಜಾಗ ಇಲ್ಲದಿದ್ರೆ ಸಮಯ ಹಂಚಬಹುದು. ನಮ್ಮ ಸಭೆಯಲ್ಲೇ ಒಂದು ಕುಟುಂಬ ಇದೆ, ಒಂದೇ ರೂಮಿನಲ್ಲಿ ನಾಲ್ಕು ಜನ. ಅವರ ಮನೇಲಿ ಸಂಜೆ ಆರರಿಂದ ಎಂಟರ ತನಕ ಟಿವಿ ಆಗಲ್ಲ, ಅಪ್ಪ ಫೋನಿನಲ್ಲಿ ಮಾತಾಡಬೇಕಾದ್ರೆ ಹೊರಗೆ ಮೆಟ್ಟಿಲ ಮೇಲೆ. ಒಂದು ಮಣೆ, ಒಂದು ಲೈಟು, ಎರಡು ಗಂಟೆ. ಆ ಎರಡು ಗಂಟೆ ಆ ಮನೆ ಮಕ್ಕಳದ್ದು. ನಾನು ಅವರಿಂದ ಕಲಿತೆ. ಈಗ ನಮ್ಮ ಟೇಬಲ್ ಸಂಜೆ ಐದರಿಂದ ಎಂಟರ ತನಕ ಮಗಳದ್ದು, ನನ್ನ ಪ್ರಸಂಗದ ತಯಾರಿ ಬೆಳಗಿನ ಜಾವಕ್ಕೆ ಹೋಯ್ತು.

ಇದರಲ್ಲಿ ಇನ್ನೊಂದು ಅಪಾಯ ಇದೆ. ಅಚ್ಚುಕಟ್ಟು ಅಂತ ಶುರು ಮಾಡಿ ದಬ್ಬಾಳಿಕೆಗೆ ಹೋಗಿಬಿಡ್ತೀವಿ. ಕಪಾಟಿಗೆಲ್ಲಾ ಲೇಬಲ್ ಹಚ್ಚಿದ ಮಾರನೇ ದಿನ ಎರಡನೇ ಕ್ಲಾಸಿನ ಮಗ ಬ್ಯಾಗನ್ನು ಸೋಫಾ ಮೇಲೆ ಎಸೆದ ಅಂತ ನಾನು ಕಿರುಚಿದೆ. ಅವನು ಅತ್ತ. ಆಮೇಲೆ ನೋಡಿದ್ರೆ ನಾನು ಹೊಡೆದಿದ್ದ ಕೊಕ್ಕೆ ನನ್ನ ಎತ್ತರಕ್ಕಿತ್ತು. ಅವನಿಗೆ ಎಟುಕ್ತಾನೇ ಇರಲಿಲ್ಲ. ಕೊಕ್ಕೆಯನ್ನು ಅವನ ಭುಜದ ಎತ್ತರಕ್ಕೆ ಇಳಿಸಿದೆ, ಅರ್ಧ ಸಮಸ್ಯೆ ಅಲ್ಲೇ ಮುಗೀತು. ಮಕ್ಕಳನ್ನು ಗದರೋ ಮುಂಚೆ, ನಾವು ಮಾಡಿದ ವ್ಯವಸ್ಥೆ ಅವರ ಎತ್ತರಕ್ಕಿದೆಯಾ ಅಂತ ಒಂದ್ಸಲ ಮಂಡಿಯೂರಿ ನೋಡಿ.

ಹಾಗೇನೇ, ಮಕ್ಕಳ ಡಬ್ಬಿಯಲ್ಲಿರೋ ಬಾಟಲಿ ಮುಚ್ಚಳ, ಒಣಗಿದ ಎಲೆ, ಮುರಿದ ಗಾಡಿ ನಿಮಗೆ ಕಸ. ಬಿಸಾಕೋ ಮುಂಚೆ ಕೇಳಿ. ನಮ್ಮ ಸಾಮಾನನ್ನು ಯಾರಾದ್ರೂ ಕೇಳದೇ ಬಿಸಾಕಿದ್ರೆ ನಾವು ಸುಮ್ನಿರ್ತೀವಾ?

ಮೆಥಡಿಸ್ಟ್ ಉಜ್ಜೀವನದ ಜಾನ್ ವೆಸ್ಲಿ ನಿಮಗೆ ಗೊತ್ತು. ಅವರ ತಾಯಿ ಸುಸನ್ನಾ ವೆಸ್ಲಿ. ಇಂಗ್ಲೆಂಡಿನ ಎಪ್‌ವರ್ತ್ ಅನ್ನೋ ಊರು. ಹತ್ತೊಂಬತ್ತು ಮಕ್ಕಳನ್ನು ಹೆತ್ತು, ಒಂಬತ್ತನ್ನು ಎಳೆವಯಸ್ಸಲ್ಲೇ ಕಳಕೊಂಡ ತಾಯಿ. 1709ರಲ್ಲಿ ಮನೆ ಸುಟ್ಟುಹೋಯ್ತು. ಐದು ವರ್ಷದ ಜಾನ್‌ನನ್ನು ಕಿಟಕಿಯಿಂದ ಎತ್ತಿ ಉಳಿಸಿದ್ರು. ಮನೆ ಮತ್ತೆ ಕಟ್ಟೋ ತನಕ ಮಕ್ಕಳು ಬೇರೆ ಬೇರೆ ಮನೆಗಳಲ್ಲಿ ಚದುರಿಹೋದ್ರು, ಹಳೇ ಶಿಸ್ತೆಲ್ಲಾ ತಪ್ಪಿತು ಅಂತ ಆಕೆಯೇ ಆಮೇಲೆ ಜಾನ್‌ಗೆ ಬರೆದಿದ್ದಾರೆ. ಎಲ್ಲರೂ ಮತ್ತೆ ಒಂದೇ ಸೂರಿನಡಿ ಬಂದಾಗ ಮೊದಲಿನಿಂದ ಶುರು ಮಾಡಬೇಕಾಯ್ತು.

ಆಕೆಯ ಶಿಸ್ತಿನಲ್ಲಿ ಇವತ್ತು ನಾನು "ಹೀಗೇ ಮಾಡಿ" ಅಂತ ಹೇಳಲಾಗದ ಕಠಿಣತೆ ಇತ್ತು. ಎಳೆ ಮಕ್ಕಳಿಗೂ ಬೆತ್ತದ ಭಯ ಕಲಿಸಿದ್ರು. ಅದನ್ನು ಮುಚ್ಚಿಡಲ್ಲ. ಆದ್ರೆ ಆಕೆಯ ವಾರದ ಪಟ್ಟಿಯಲ್ಲಿ ಒಂದು ವಿಷಯ ಇತ್ತು, ಒಂದೊಂದು ಸಂಜೆ ಒಂದೊಂದು ಮಗುವಿಗೆ. ಗುರುವಾರ ಜಾನ್, ಶನಿವಾರ ಚಾರ್ಲ್ಸ್. ಆ ಹೊತ್ತು ಆ ಮಗುವಿನ ಜೊತೆ ಮಾತ್ರ ಮಾತು. ಜಾನ್ ದೊಡ್ಡವರಾಗಿ ದೂರದಲ್ಲಿದ್ದಾಗ ತಾಯಿಗೆ ಪತ್ರ ಬರೆದು, ಆ ಗುರುವಾರದ ಸಂಜೆಯ ಸ್ವಲ್ಪ ಸಮಯ ತನಗೆ ಈಗಲೂ ಕೊಡಿ ಅಂತ ಕೇಳಿದ್ರು. ಲೋಕ ಸುತ್ತಿದ ಬೋಧಕನ ನೆನಪಲ್ಲಿ ಉಳಿದದ್ದು ಆ ಒಂದು ಗುರುವಾರ. ನಿಮ್ಮ ಫ್ರಿಜ್ ಮೇಲೆ ಟೈಮ್‌ಟೇಬಲ್ ಅಂಟಿಸ್ತೀರಲ್ಲ, ಟ್ಯೂಷನ್, ಕರಾಟೆ, ಕೀಬೋರ್ಡ್ ಕ್ಲಾಸ್. ಅದರಲ್ಲಿ ಮಗುವಿನ ಗುರುವಾರ ಎಲ್ಲಿದೆ?

ಕೈಗಳ ಪಾಲು

ಈಗ ಪಿಜಿಯಲ್ಲಿರೋ ತಮ್ಮಂದಿರಿಗೆ. 2019ರಲ್ಲಿ ಕೇಂದ್ರ ಸರ್ಕಾರ ನಮ್ಮ ದೇಶದ ಜನ ದಿನದ ಸಮಯ ಹೇಗೆ ಕಳೀತಾರೆ ಅಂತ ಒಂದು ಸಮೀಕ್ಷೆ ಮಾಡ್ತು. ಆಗ ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡ್ತಿದ್ರು. ಸುಮಾರು ಐದು ಗಂಟೆ. ಗಂಡಸರಲ್ಲಿ ಆ ಕೆಲಸ ಮಾಡ್ತಿದ್ದೋರೇ ನೂರಕ್ಕೆ 26 ಮಂದಿ. ಮಾಡ್ತಿದ್ದೋರೂ ಕೊಡ್ತಿದ್ದದ್ದು 97 ನಿಮಿಷ.

ಸಹೋದರಿಯರು ನಗ್ತಿದ್ದೀರಿ. ಸಹೋದರರು ಸ್ವಲ್ಪ ಸೈಲೆಂಟ್. ಪರವಾಗಿಲ್ಲ, ನಾನೂ ನಿಮ್ಮ ಜೊತೆ ಸೈಲೆಂಟ್.

ನಾವು ಮಾರ್ಥ-ಮರಿಯಳ ಕಥೆ ಹೇಳ್ತೀವಿ, "ಅಮ್ಮಾ, ಮಾರ್ಥಳ ಹಾಗೆ ಗಡಿಬಿಡಿ ಮಾಡ್ಬೇಡ, ಮರಿಯಳ ಹಾಗೆ ಪಾದದ ಹತ್ತಿರ ಕೂರು." ಸರಿ, ಅಮ್ಮ ಕೂರ್ತಾರೆ. ಸಂಜೆ ಚಪಾತಿ ಯಾರು ಲಟ್ಟಿಸ್ತಾರೆ? ಆ ಮನೇಲಿ ಅವತ್ತು ಗಂಡಸರೂ ಇದ್ದಿರಬೇಕಲ್ಲ. ಯೇಸು ಮಾರ್ಥಳಿಗೆ ತೋರಿಸಿದ್ದು ಅವಳ ತಳಮಳವನ್ನು. ಅಡುಗೆ ಕೀಳು ಅಂತ ಅಲ್ಲಿ ಎಲ್ಲೂ ಇಲ್ಲ. ಒಬ್ಬಳೇ ಎಲ್ಲಾ ಹೊತ್ತಾಗ ತಳಮಳ ಬರದೇ ಇರುತ್ತಾ? ನಿಮ್ಮ ಮನೆಯ ಮಾರ್ಥ ನೆಮ್ಮದಿಯಾಗಿ ಕೂತು ಪ್ರಾರ್ಥನೆ ಮಾಡಬೇಕು ಅಂತ ನಿಮಗೆ ನಿಜವಾಗಲೂ ಆಸೆ ಇದ್ರೆ, ಲಟ್ಟಣಿಗೆ ಕೈಗೆ ತಗೊಳ್ಳಿ.

ಇನ್ನೊಂದು ಭಾರ ಇದೆ, ಅದು ಕಾಣಿಸಲ್ಲ. ನೆನಪಿಡೋ ಭಾರ. ಸೋಮವಾರ ಬಿಳಿ ಶೂ, ಬುಧವಾರ ಪಿಟಿ ಡ್ರೆಸ್, ಹದಿನೈದಕ್ಕೆ ಫೀಸ್, ಶುಕ್ರವಾರ ಚಾರ್ಟ್ ಪೇಪರ್. ನಾನು ಹೆಂಡತಿಗೆ "ಏನು ಮಾಡ್ಬೇಕು ಹೇಳು, ಮಾಡ್ತೀನಿ" ಅಂತಿದ್ದೆ. ಒಳ್ಳೆ ಗಂಡ ಅಂದ್ಕೊಂಡಿದ್ದೆ. ಅವಳು ಒಂದು ದಿನ ಹೇಳಿದ್ಲು, "ಹೇಳೋದೇ ಒಂದು ಕೆಲಸ ರೀ." ಆಮೆನ್ ಅನ್ನೋಕೆ ಧೈರ್ಯ ಇದ್ಯಾ? ಈಗ ಶೂ, ಯೂನಿಫಾರಂ ಮತ್ತು ರಾತ್ರಿ ಬ್ಯಾಗ್ ಜೋಡಿಸೋದು ಪೂರ್ತಿ ನನ್ನದು. ಮರೆತ್ರೆ ಮಿಸ್‌ನಿಂದ ಬೈಸಿಕೊಳ್ಳೋದೂ ನಾನೇ.

ಮದುವೆ ಆಗದ ತಮ್ಮಾ, ನಿನ್ನ ಬಟ್ಟೆ ಇವತ್ತಿಗೂ ಅಮ್ಮ ಮಡಚಿ ಕಳಿಸ್ತಾರೆ ಅಂದ್ರೆ, ನೀನು ಕಟ್ಟೋ ಮನೆಯಲ್ಲಿ ಯಾರದ್ದೋ 299 ನಿಮಿಷ ಈಗಲೇ ಬುಕ್ ಆಗಿದೆ. ಇವತ್ತು ರೂಮಿಗೆ ಹೋಗಿ ನಿನ್ನ ತಟ್ಟೆ ನೀನೇ ತೊಳಿ. ಅಲ್ಲಿಂದ ಶುರುವಾಗುತ್ತೆ.

ಹೊಲದ ಅಂಚು

ಮೂರನೇದು ನನಗೆ ಹೇಳೋಕೆ ಕಷ್ಟ. ಆದ್ರೂ ಹೇಳಬೇಕು.

ಎರಡು ವರ್ಷದ ಹಿಂದೆ ಇದೇ ಸಮಯದಲ್ಲಿ ಮನೆ ಕ್ಲೀನ್ ಮಾಡಿ, ಮಗಳ ಇನ್ನೊಂದು ಹಳೇ ಬ್ಯಾಗು, ಅರ್ಧ ಬರೆದ ನೋಟ್‌ಬುಕ್ಕುಗಳನ್ನು ನಮ್ಮ ಮನೆಗೆ ಕೆಲಸಕ್ಕೆ ಬರೋ ಅಕ್ಕನಿಗೆ ಕೊಟ್ಟೆ. ಅವರು ಯಾದಗಿರಿ ಕಡೆಯಿಂದ ಬಂದವರು. ಮಗ ಸರ್ಕಾರಿ ಶಾಲೆಯಲ್ಲಿ ಓದ್ತಾನೆ. ಅಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಉಚಿತವಾಗಿ ಕೊಡ್ತಾರೆ, ಮಧ್ಯಾಹ್ನದ ಊಟ ಇದೆ, ಬ್ಯಾಗು ಮನೆಯವರೇ ನೋಡ್ಕೋಬೇಕು. ಕೊಟ್ಟಾಗ ನನಗೆ ಖುಷಿ. ನಮ್ಮ ಮನೆಯೂ ಖಾಲಿ, ಒಂದು ಪುಣ್ಯದ ಕೆಲಸವೂ ಆಯ್ತು. ಆ ಭಾನುವಾರ ಸಾಕ್ಷಿ ಹೇಳುವಾಗಲೂ ಅದನ್ನ ಸ್ವಲ್ಪ ಸೇರಿಸಿದೆ.

ಒಂದು ವಾರ ಆದ್ಮೇಲೆ "ಅಕ್ಕಾ, ಬ್ಯಾಗ್ ಮಗನಿಗೆ ಹಿಡಿಸ್ತಾ?" ಅಂತ ಕೇಳಿದೆ. ಅವರು ನಗುತ್ತಲೇ ಹೇಳಿದ್ರು, "ಛಲೋ ಐತ್ರಿ ಅಣ್ಣಾರ. ಚೈನ್ ಕಿತ್ತಿತ್ತಲ್ರಿ, ಹಾಕ್ಸಾಕ ಎಂಬತ್ತು ರೂಪಾಯಿ ಕೇಳ್ಯಾರ್ರಿ. ಪಗಾರ ಆದ್ಮ್ಯಾಲ ಹಾಕ್ಸ್ತೀನ್ರಿ."

ಅವರ ಮಾತಲ್ಲಿ ಒಂದು ಚೂರೂ ದೂರು ಇರಲಿಲ್ಲ. ಅದೇ ನನ್ನನ್ನು ಚುಚ್ಚಿತು. ನನ್ನ ದಾನದ ಬೆಲೆ 80 ರೂಪಾಯಿ, ಅದನ್ನು ಕಟ್ಟಬೇಕಾದವರು ಅವರು. ನಾನು ಕೊಟ್ಟಿದ್ದು ಬ್ಯಾಗ್ ಅಲ್ಲ ಪ್ರಿಯರೇ, ನನ್ನ ಕಸವನ್ನು ಅವರ ಮನೆಗೆ ಸಾಗಿಸಿದ್ದೆ. ಟೋಬೀಯನ ಸಾಮಾನನ್ನು ನೆಹೆಮೀಯ ಹೊರಗೆ ಎಸೆದ, ಬಡವರ ಮನೆ ಬಾಗಿಲಿಗಲ್ಲ.

ಯಾಜಕಕಾಂಡ 19ನೇ ಅಧ್ಯಾಯದಲ್ಲಿ ದೇವರು ಹೊಲದ ಅಂಚನ್ನು ಪೂರ್ತಿ ಕೊಯ್ಯದೇ ಬಡವರಿಗೂ ಪರದೇಶಸ್ಥರಿಗೂ ಬಿಡಿ ಅಂತ ಆಜ್ಞೆ ಕೊಟ್ಟರು. ಅಂಚಿನಲ್ಲಿ ಬೆಳೆಯೋದು ಏನು? ಹೊಲದ ನಡುವೆ ಬೆಳೆದ ಅದೇ ತೆನೆ. ಹೊಟ್ಟನ್ನು ಗುಡಿಸಿ ಕೊಡಿ ಅಂತ ಹೇಳಲಿಲ್ಲ. ರೂತಳ ಕಥೆಯಲ್ಲಿ ಬೋವಜ ಇನ್ನೂ ಮುಂದೆ ಹೋದ, ಕಟ್ಟಿದ ಸಿವುಡಿನಿಂದಲೇ ಕೆಲವು ತೆನೆ ಬೇಕಂತಲೇ ಬಿಡಿ, ಅವಳನ್ನು ಗದರಿಸಬೇಡಿ ಅಂತ ಆಳುಗಳಿಗೆ ಹೇಳಿದ. ಕೊಡೋದರ ಜೊತೆ ಮಾನ ಉಳಿಸೋದನ್ನೂ ನೋಡಿಕೊಂಡ.

ಹಾಗಾದ್ರೆ ಹಳೇ ವಸ್ತು ಕೊಡಲೇಬಾರದಾ? ಕೊಡಿ. ಹಳೇದು ಅನ್ನೋದು ಅವಮಾನ ಅಲ್ಲ. ನಾನು ಚಿಕ್ಕವನಿದ್ದಾಗ ಅಣ್ಣನ ಪುಸ್ತಕದಲ್ಲೇ ಓದಿದ್ದು, ಅಪ್ಪ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಬೈಂಡ್ ಹಾಕಿ ಕೊಟ್ಟಾಗ ಅದು ನನಗೆ ಹೊಸದೇ. ಅಪ್ಪ ಅದಕ್ಕೆ ಒಂದು ಸಂಜೆ ಕೊಟ್ಟಿದ್ರು, ಅದೇ ವ್ಯತ್ಯಾಸ. ಚೈನ್ ಹಾಕಿಸಿ, ತೊಳೆದು, ಒಣಗಿಸಿ, ಮೊದಲು "ನಿಮಗೆ ಬೇಕಾ?" ಅಂತ ಕೇಳಿ, ಬೇಡ ಅಂದ್ರೆ ಬೇಜಾರಾಗದೇ ಕೊಡಿ. ನಿಮ್ಮ ಮಗು ನಾಳೆ ಅದನ್ನು ಹಾಕ್ಕೊಂಡು ಕ್ಲಾಸಿಗೆ ಹೋಗೋಕೆ ಆಗುತ್ತಾ? ಆಗುತ್ತೆ ಅಂದ್ರೆ ಅದು ತೆನೆ. ಆಗಲ್ಲ ಅಂದ್ರೆ ಹೊಟ್ಟು. ಈಗ ನಮ್ಮ ಮನೇಲಿ ಜೂನ್ ಲಿಸ್ಟ್ ಬರೆಯುವಾಗಲೇ ಮೂರು ಬ್ಯಾಗ್ ಅಂತ ಬರೀತೀವಿ. ನಮ್ಮ ಮಕ್ಕಳು ಇಬ್ಬರೇ.

ಕೊನೆಯ ಮಾತು

ಅಚ್ಚುಕಟ್ಟಾದ ಮನೆ ಅಂದ್ರೆ ಯಾವುದು? ಡಬ್ಬಿಗಳು ಸಾಲಾಗಿರೋ ಮನೆ ಇರಬಹುದು, ಇಲ್ಲದಿರಬಹುದು. ಪ್ರತಿಯೊಬ್ಬರಿಗೂ ಅವರವರ ಪಾಲು ಸಿಗೋ ಮನೆ, ಅದು ಅಚ್ಚುಕಟ್ಟು. ನೆಹೆಮೀಯ ಕೋಣೆ ಖಾಲಿ ಮಾಡಿ ನಿಲ್ಲಿಸಲಿಲ್ಲ. ಹೊಲಕ್ಕೆ ಹೋಗಿದ್ದವರನ್ನು ಕರೆಸಿ ಅವರವರ ಸ್ಥಾನದಲ್ಲಿ ನಿಲ್ಲಿಸಿದ. ಹಂಚೋಕೆ ನಂಬಿಗಸ್ತರನ್ನು ನೇಮಿಸಿದ. ಕ್ಲೀನ್ ಮಾಡೋದು ಒಂದು ಶನಿವಾರದ ಕೆಲಸ, ಹಂಚೋದು ವರ್ಷವಿಡೀ ಇರುತ್ತೆ.

ನಾನು ಪೂರ್ತಿ ಗೆದ್ದಿದ್ದೀನಿ ಅಂತ ಹೇಳಲ್ಲ. ಮೊನ್ನೆ ಗುರುವಾರ ಸಂಜೆ ಒಂದು ಮೀಟಿಂಗ್ ಇತ್ತು. "ಹತ್ತೇ ನಿಮಿಷ ಮಗಳೇ" ಅಂತ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಅವಳು ಏನೂ ಮಾತಾಡದೇ ಪುಸ್ತಕ ಎತ್ತಿಕೊಂಡು ಮಂಚದ ಕಡೆ ಹೊರಟಳು. ಆ ಹೆಜ್ಜೆ ಸದ್ದು ಕೇಳಿ ನನಗೆ "ಎಷ್ಟು ದಿನಕ್ಕೆ, ಅಪ್ಪಾ?" ಅನ್ನೋ ಮಾತು ನೆನಪಾಯ್ತು. ಲ್ಯಾಪ್‌ಟಾಪ್ ಎತ್ತಿಕೊಂಡು ನಾನೇ ಅಡುಗೆಮನೆಗೆ ಹೋದೆ. ಕುಕ್ಕರ್ ಸೀಟಿ ಮಧ್ಯೆ ಮೀಟಿಂಗ್ ಮುಗಿಸಿದೆ.

ಎಲ್ಲರೂ ಎದ್ದು ನಿಲ್ಲಿ. ಕಣ್ಣು ಮುಚ್ಚೋಣ. ನಿಮ್ಮ ಮನೆಯ ಒಂದೊಂದು ಕೋಣೆ ನೆನಪು ಮಾಡ್ಕೊಳ್ಳಿ. ಯಾರ ಜಾಗದಲ್ಲಿ ನಿಮ್ಮ ಸಾಮಾನು ಇದೆ?

ತಂದೆಯೇ, ನಮ್ಮ ಮನೆಗಳಲ್ಲಿ ಯಾರ ಪಾಲು ಹೋಗಿದೆಯೋ ಅದನ್ನು ನೋಡೋ ಕಣ್ಣು ಕೊಡಿ. ನೋಡಿದ ಮೇಲೆ ನಮ್ಮ ಸಾಮಾನನ್ನು ನಾವೇ ಎತ್ತಿಡೋ ಕೈ ಕೊಡಿ. ಈ ವಾರ ಶಾಲೆಯ ಗೇಟು ದಾಟೋ ಪ್ರತಿಯೊಂದು ಮಗುವನ್ನೂ, ಹೊಸ ಬ್ಯಾಗಿನದ್ದಾಗಲಿ ಹಳೇ ಬ್ಯಾಗಿನದ್ದಾಗಲಿ, ಕಾಪಾಡಿ. ಯೇಸುವಿನ ನಾಮದಲ್ಲಿ, ಆಮೆನ್.

ಮನೆಗೆ ಹೋಗಿ. ಮೊದಲು ಟೇಬಲ್ ನೋಡಿ.